ಶಿರಸಿಯ ಪಿಟೀಲಿನಲ್ಲಿ ‘ಬ್ರೈಟನ್ ಕ್ಯಾಂಪ್’ ನುಡಿಸುವ ಬಗೆ

ಫ್ರಾನ್ಸಿನೊಡನೆ 1793ರಲ್ಲಿ ಯುದ್ಧ ಆರಂಭವಾದ ಮೇಲೆ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೈಟನ್ನಿನಲ್ಲಿ ಸೈನಿಕರು ಬಿಡಾರ ಹೂಡಿದ್ದರು. ಆ ಬಿಡಾರದ ಹೆಸರು ಹೊತ್ತ ‘ಬ್ರೈಟನ್ ಕ್ಯಾಂಪ್’ ಮಟ್ಟು, ‘ನಾನು ಬಿಟ್ಟುಬಂದ ಹುಡುಗಿ’ ಎಂಬರ್ಥದ ಇನ್ನೊಂದು ಹೆಸರಿನಿಂದಲೂ ಪ್ರಸಿದ್ಧವಾಗಿದ್ದು, ಅಲ್ಲಿನ ಮಾರಿಸ್ ಎಂಬ ಜನಪದ ಕುಣಿತಕ್ಕೆ ಇಂದಿಗೂ ಒದಗುತ್ತದೆ. ಶಿರಸಿಯಲ್ಲಿ ಕರ್ನಾಟಕ ಪದ್ಧತಿಯಲ್ಲಿ ಪಿಟೀಲು ಕಲಿತವರಿಗೆ ಇದರ ಸ್ವರಗಳು ಅಪರಿಚಿತವಲ್ಲ, ಏಕೆಂದರೆ ಇವು ಶಂಕರಾಭರಣ ರಾಗದ ಸ್ವರಗಳೇ. ತೊಡಕಾಗುವುದು ಶ್ರುತಿ ಮತ್ತು ಕಮಾನಿನಲ್ಲಿ.

ದಪ್ಪ ತಂತಿಯಿಂದ ಎಣಿಸಿದರೆ ನಮ್ಮ ತಂತಿಗಳು ಸ-ಪ-ಸ-ಪ. ಇಂಗ್ಲಿಷ್ ಪಿಟೀಲಿನ ಜಿ-ಡಿ-ಎ-ಇ ತಂತಿಗಳನ್ನು, ಜಿಯನ್ನು ಷಡ್ಜ (ಸ) ಎಂದು ಭಾವಿಸಿದರೆ, ಸ-ಪ-ರಿ-ಧ ಎಂದು ಓದಬೇಕು. ಆದ್ದರಿಂದ ಮೊದಲೆರಡು ತಂತಿಗಳನ್ನು ಹಾಗೆಯೇ ಬಿಟ್ಟು, ಮೂರನೆಯ ಮತ್ತು ನಾಲ್ಕನೆಯ ತಂತಿಗಳನ್ನು ಒಂದೊಂದು ಪೂರ್ಣ ಸ್ವರದಷ್ಟು ಏರಿಸಬೇಕು. ಬಿರಡೆಯನ್ನು ಒಮ್ಮೆಲೇ ತಿರುಗಿಸಬಾರದು. ನಾನು ಅವಸರಪಟ್ಟು ನಾಲ್ಕನೆಯ ತಂತಿಯನ್ನು ಹರಿದುಕೊಂಡಾಗ ಅದು ಬೆರಳಿಗೆ ಬಾರಿಸಿದ ಬರೆ ಎರಡು ದಿನ ಉಳಿದಿತ್ತು. ಏರಿಸಿದ ಬಳಿಕ ತಾರ ಷಡ್ಜವು, ಅಂದರೆ ಮೇಲಿನ ಸ, ನಾಲ್ಕನೆಯ ತಂತಿಯಲ್ಲಿ ಮೂರನೆಯ ಬೆರಳಿಗಲ್ಲ, ಎರಡನೆಯ ಬೆರಳಿಗೆ ಸಿಗುತ್ತದೆ. ಮೊದಲ ಬೆರಳಿನ ನಿಷಾದಕ್ಕೆ (ನಿ) ಅದು ಅಂಟಿಕೊಂಡಿರಬೇಕು. ಮಟ್ಟು ಆರಂಭವಾಗುವುದು ಅಲ್ಲಿಂದ ಕೆಳಗಿಳಿಯುತ್ತ. ಹಾಗಾಗಿ ಈ ಬೆರಳು ತಪ್ಪಿದರೆ ಮೊದಲ ಹೆಜ್ಜೆಯೇ ತಪ್ಪುತ್ತದೆ.

ಮಟ್ಟಿಗೆ ಎರಡು ಭಾಗಗಳಿದ್ದು, ಒಂದೊಂದನ್ನೂ ಎರಡು ಸಲ ನುಡಿಸುವುದು ವಾಡಿಕೆ. ಒಂದು ಭಾಗವೆಂದರೆ ಎಂಟು ಎಣಿಕೆಯ ಆದಿತಾಳದ ಎರಡು ಆವರ್ತ (ಸುತ್ತು); ಹೀಗೆ ಪೂರ್ತಿ ಎಂಟು ಆವರ್ತಗಳಾಗುತ್ತವೆ. ಎತ್ತುಗಡೆ (ಮಟ್ಟಿನ ಆರಂಭ) ಸಮಕ್ಕಿಂತ, ಎಂದರೆ ತಾಳದ ಮೊದಲ ಎಣಿಕೆಗಿಂತ, ಮುಂಚೆಯೇ, ಅಂದರೆ ಅತೀತದಲ್ಲಿ ಇರುವುದರಿಂದ, ತಾಳ ಹಾಕುತ್ತ ಬಾಯಲ್ಲಿ ಹಾಡಿಕೊಂಡ ಮೇಲೆಯೇ ಕಮಾನು ಹಿಡಿಯುವುದು ಲೇಸು.

ಕಮಾನಿನ ನಡುಭಾಗವನ್ನಷ್ಟೇ ಬಳಸಿ, ಸ್ವರಕ್ಕೊಂದು ಚಿಕ್ಕ ಎಳೆತ ಕೊಡಬೇಕು. ವರ್ಣವೆಂಬ ಅಭ್ಯಾಸದ ರಚನೆಯಲ್ಲಿ ಮಾಡುವಂತೆ ಒಂದೇ ಎಳೆತದಲ್ಲಿ ಹಲವು ಸ್ವರಗಳನ್ನು ಪೋಣಿಸಿದರೆ ಕುಣಿತದ ನೆಗೆತ ಕರಗಿಹೋಗುತ್ತದೆ. ಗಮಕವನ್ನು, ಅಂದರೆ ಸ್ವರವನ್ನು ಅಲುಗಿಸುವುದನ್ನು, ಪೂರ್ತಿ ಬಿಡಬೇಕು, ಗಾಂಧಾರವನ್ನೂ (ಗ) ಅಲುಗಿಸದೆ ನಿಲ್ಲಿಸಬೇಕು. ನಮ್ಮ ಕೈಗೆ ಇದೇ ಎಲ್ಲಕ್ಕಿಂತ ಕಷ್ಟ, ಬೆರಳು ತಾನಾಗಿಯೇ ಜಾರುತ್ತದೆ.

ಮಳೆಗಾಲದಲ್ಲಿ ಘಟ್ಟದ ಮೇಲಿರಲಿ, ಕಾರವಾರದಲ್ಲಿರಲಿ, ತೇವಕ್ಕೆ ಕಮಾನಿನ ಕೂದಲು ಸಡಿಲಾಗುತ್ತದೆ. ನುಡಿಸುವ ಮುನ್ನ ಬಿಗಿದು, ಮುಗಿದ ಕೂಡಲೇ ಸಡಿಲಿಸಿಡಬೇಕು.

ವೇಗವನ್ನು ನಿಮಿಷಕ್ಕೆ 60 ಎಣಿಕೆಯಿಂದ ಆರಂಭಿಸಿ 100ರವರೆಗೆ ಒಯ್ಯಬಹುದು. ಮಾರಿಸ್ ಕುಣಿಯುವವರೂ ಕಾಲಿಗೆ ಗೆಜ್ಜೆ ಕಟ್ಟುತ್ತಾರೆ. ಯಕ್ಷಗಾನದ ಹೆಜ್ಜೆ ಬಲ್ಲ ಗೆಳೆಯರೊಬ್ಬರನ್ನು ಪಕ್ಕದಲ್ಲಿ ಕುಣಿಯಲು ಒಪ್ಪಿಸಿದರೆ ಉತ್ತಮ. ಅವರ ಕಾಲು ನೆಲ ಮುಟ್ಟುವ ಮೊದಲೇ ನಿಮ್ಮ ಕಮಾನು ತಿರುಗಿದ್ದರೆ, ನೀವು ಓಡುತ್ತಿದ್ದೀರಿ ಎಂದರ್ಥ.