ಹಚ್ಚೆ, ಚುಚ್ಚು ಆಭರಣ: ಸೂಜಿ ತಾಗುವ ಮೊದಲೇ ನೋಡಬೇಕಾದದ್ದು

ಹಚ್ಚೆ ಹಾಕಿಸಿಕೊಳ್ಳುವವರು ವಾರಗಟ್ಟಲೆ ಚಿತ್ರ ಹುಡುಕುತ್ತಾರೆ. ಮೂಗು ಚುಚ್ಚಿಸಿಕೊಳ್ಳುವವರು ಹತ್ತಾರು ಮೂಗುತಿ ನೋಡುತ್ತಾರೆ. ಆದರೆ ಸೂಜಿ ಎಲ್ಲಿಂದ ಬಂತು ಅಂತ ಕೇಳುವವರು ಕಡಿಮೆ. ನಿಜವಾಗಿ ಕೇಳಬೇಕಾದದ್ದು ಅದನ್ನೇ. ಹಚ್ಚೆಯ ಸೂಜಿ ಚರ್ಮದೊಳಗೆ 1ರಿಂದ 2 ಮಿಲಿಮೀಟರ್ ಇಳಿಯುತ್ತದೆ, ರಕ್ತ ಹರಿಯುವ ಪದರದವರೆಗೂ. ತುದಿಯಲ್ಲಿ ಬೇರೆಯವರ ರಕ್ತ ಉಳಿದಿದ್ದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಅಂಟಬಹುದು. ಹೆಪಟೈಟಿಸ್ ಬಿ ವೈರಸ್ ಅಂತೂ ದೇಹದ ಹೊರಗೆ ಕನಿಷ್ಠ 7 ದಿನ ಬದುಕಿರಬಲ್ಲದು.

ಹಾಗಾಗಿ ಮೊದಲ ಕೆಲಸ ಹೆಪಟೈಟಿಸ್ ಬಿ ಲಸಿಕೆ. ಸಾಮಾನ್ಯವಾಗಿ 3 ಡೋಸ್, ಮುಗಿಯಲು 6 ತಿಂಗಳು. ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಹೃದಯದ ಕವಾಟದ ತೊಂದರೆಯಿದ್ದರೆ ಮೊದಲು ವೈದ್ಯರನ್ನು ಕೇಳಿ. ಹಳೆಯ ಗಾಯದ ಗುರುತು ಉಬ್ಬಿ ಗಂಟಾಗಿದೆಯಾ? ಹಚ್ಚೆಯ ಜಾಗದಲ್ಲೂ ಹಾಗೇ ಆಗಬಹುದು. ಬಸುರಿಯರು ಮುಂದೂಡುವುದೇ ಒಳ್ಳೆಯದು. ಮಚ್ಚೆಯ ಮೇಲೆ ಮಾತ್ರ ಹಚ್ಚೆ ಬೇಡವೇ ಬೇಡ. ಮುಂದೆ ಅದು ಕ್ಯಾನ್ಸರ್ ಕಡೆ ತಿರುಗಿದರೂ ಬಣ್ಣದಡಿ ಕಾಣುವುದಿಲ್ಲ.

ಇನ್ನು ಅಂಗಡಿ. ಕುರ್ಚಿಯಲ್ಲಿ ಕೂರುವ ಮುಂಚೆ ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ಕೈ ತೊಳೆದು ಹೊಸ ಗ್ಲೌಸ್ ಹಾಕಿದರಾ? ಅದೇ ಗ್ಲೌಸ್‌ನಲ್ಲಿ ಮೊಬೈಲ್ ಮುಟ್ಟಿದರೆ, ಬದಲಿಸಿದರಾ? ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಹರಿಯಬೇಕು. ಮೇಲಿರುವ ಅವಧಿ ಮುಗಿಯುವ ದಿನಾಂಕ ಓದಿ. ಬಣ್ಣವನ್ನು ದೊಡ್ಡ ಬಾಟಲಿಯಿಂದ ಪುಟ್ಟ ಕಪ್ಪಿಗೆ ಸುರಿದುಕೊಳ್ಳಬೇಕು, ಉಳಿದದ್ದನ್ನು ಚೆಲ್ಲಬೇಕು. ಬಣ್ಣ ತೆಳುವಾಗಿಸಲು ನಲ್ಲಿ ನೀರು ಬೆರೆಸಿದರೆ ಎದ್ದು ಬನ್ನಿ. ಕುಡಿಯಲು ಯೋಗ್ಯವಾದ ನೀರಿನಲ್ಲೂ ಚರ್ಮದೊಳಗೆ ಸೇರಿ ತಿಂಗಳುಗಟ್ಟಲೆ ಕಾಡುವ ಬ್ಯಾಕ್ಟೀರಿಯಾ ಇರಬಹುದು. ಮತ್ತೆ ಬಳಸುವ ಉಪಕರಣಗಳನ್ನು ರೋಗಾಣು ಕೊಲ್ಲುವ ಯಂತ್ರವಾದ ಆಟೋಕ್ಲೇವ್‌ನಲ್ಲಿ ಹಬೆಗೆ ಇಟ್ಟಿರಬೇಕು. ಸ್ಪಿರಿಟ್‌ನಲ್ಲಿ ಒರೆಸಿದರೆ ಸಾಲದು. ಇದನ್ನೆಲ್ಲ ಕೇಳಿದ್ದಕ್ಕೆ ಸಿಡುಕುವವರ ಕೈಗೆ ನಿಮ್ಮ ಚರ್ಮ ಕೊಡಬೇಡಿ.

ಚುಚ್ಚಿಸಿಕೊಳ್ಳುವವರಿಗೆ ಇನ್ನೊಂದು ಮಾತು. ಕಿವಿಯ ಹಾಲೆ ಸುಮಾರು 6ರಿಂದ 8 ವಾರದಲ್ಲಿ ಮಾಯುತ್ತದೆ. ಕಿವಿಯ ಮೇಲ್ಭಾಗದ ಗಟ್ಟಿ ಅಂಚಿಗೆ, ಹೊಕ್ಕುಳಿಗೆ 6 ತಿಂಗಳಿಂದ ವರ್ಷವೇ ಬೇಕಾಗಬಹುದು. ಆ ಗಟ್ಟಿ ಅಂಚಿಗೆ ಸ್ವಂತ ರಕ್ತನಾಳಗಳಿಲ್ಲ. ಅಲ್ಲಿ ಸೋಂಕಾದರೆ ಔಷಧಿ ತಲುಪುವುದೂ ಕಷ್ಟ, ಕಿವಿಯ ಆಕಾರವೇ ಕೆಡಬಹುದು. ಅಲ್ಲಿಗೆ ಕಿವಿ ಚುಚ್ಚುವ ಗನ್ ಬೇಡ, ಟೊಳ್ಳು ಸೂಜಿಯೇ ಇರಲಿ. ನಿಕಲ್ ಬೆರೆತ ಆಭರಣ ಅಲರ್ಜಿ ತರಬಹುದು. ಇಂಪ್ಲಾಂಟ್ ದರ್ಜೆಯ (ದೇಹದೊಳಗೆ ಕೂರಿಸಲು ತಕ್ಕ) ಟೈಟಾನಿಯಂ ಒಳ್ಳೆಯ ಆಯ್ಕೆ. ನಾಲಿಗೆ ಚುಚ್ಚಿಸಿದವರಲ್ಲಿ ಹಲ್ಲು ಸೀಳುವುದು, ವಸಡು ಸವೆಯುವುದು ಜಾಸ್ತಿ.

ಮನೆಗೆ ಬಂದ ಮೇಲೆ ಆರೈಕೆ ಸರಳ. ಕೈ ತೊಳೆದೇ ಗಾಯ ಮುಟ್ಟಿ. ಹಚ್ಚೆಯನ್ನು ವಾಸನೆಯಿಲ್ಲದ ಸೌಮ್ಯ ಸೋಪಿನಿಂದ ತೊಳೆದು, ಒತ್ತಿ ಒಣಗಿಸಿ, ತೆಳುವಾಗಿ ಮಾಯಿಶ್ಚರೈಸರ್ ಹಚ್ಚಿ. ಚುಚ್ಚಿದ ಜಾಗಕ್ಕೆ 0.9 ಶೇಕಡಾ ಸಲೈನ್ (ಶುದ್ಧ ಉಪ್ಪುನೀರು) ಸಾಕು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಮಾಯುವುದೇ ತಡವಾಗುತ್ತದೆ. ಹಕ್ಕಳೆ ಕೀಳಬೇಡಿ, ಎಷ್ಟೇ ತುರಿಸಿದರೂ. ಗಾಯ ಮಾಯುವವರೆಗೆ ಈಜು, ಬಿಸಿಲು ಬೇಡ.

ಮೊದಲ ಕೆಲವು ದಿನ ಸ್ವಲ್ಪ ಕೆಂಪು, ಊತ ಸಹಜ. ದಿನ ಕಳೆದಂತೆ ಅದು ಇಳಿಯಬೇಕು. ಕೆಂಪು ಹರಡುತ್ತಿದ್ದರೆ, ಕೀವು ಬಂದರೆ, ಜ್ವರ ಕಾಯ್ದರೆ ಅವತ್ತೇ ವೈದ್ಯರ ಹತ್ತಿರ ಹೋಗಿ. ಹಚ್ಚೆಗೆ ಬಳಸಿದ ಕೆಂಪು ಬಣ್ಣದ ಅಲರ್ಜಿಯಂತೂ ವರ್ಷಗಳ ನಂತರವೂ ತಲೆ ಎತ್ತಬಹುದು. ಅದಕ್ಕೇ ಹಚ್ಚೆ ಹಾಕಿಸಿಕೊಂಡ ದಿನವೇ ಬಣ್ಣದ ಬಾಟಲಿಯ ಹೆಸರು, ಬ್ಯಾಚ್ ಸಂಖ್ಯೆಯ ಫೋಟೋ ತೆಗೆದಿಡಿ. ಚುಚ್ಚಿದ ಜಾಗ ಕೀವಾದರೆ ಆಭರಣವನ್ನು ನೀವಾಗಿಯೇ ತೆಗೆಯಬೇಡಿ. ತೂತು ಮುಚ್ಚಿಕೊಂಡು ಕೀವು ಒಳಗೇ ಉಳಿದುಬಿಡಬಹುದು. ತೆಗೆಯಬೇಕೋ ಬೇಡವೋ ಎಂಬುದನ್ನು ವೈದ್ಯರೇ ನೋಡಿ ಹೇಳಲಿ.