ಅನ್‌ಲೈಕ್ಲಿ ಅಂದರೆ ಅಸಂಭವ ಅಲ್ಲ

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡೋದೇ ನನ್ನ ಕೆಲಸ. ದೊಡ್ಡ ದೊಡ್ಡ ಪದಗಳು ಹೇಗೋ ದಾರಿಗೆ ಬರುತ್ತವೆ, ಆದರೆ ಈ 'ಅನ್‌ಲೈಕ್ಲಿ' ಆಡಿಸಿದಷ್ಟು ನನ್ನನ್ನು ಬೇರೆ ಯಾವುದೂ ಆಡಿಸಿಲ್ಲ. ಶುರುವಿನಲ್ಲಿ ಕಣ್ಣು ಮುಚ್ಚಿಕೊಂಡು 'ಅಸಂಭವ' ಅಂತ ಬರೆದುಬಿಡುತ್ತಿದ್ದೆ.

ಸಿಕ್ಕಿಬಿದ್ದಿದ್ದು ಹವಾಮಾನ ಬದಲಾವಣೆಯ ಒಂದು ಲೇಖನದಲ್ಲಿ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ ವರದಿಗಳಲ್ಲಿ ಈ ಪದಕ್ಕೆ ಲೆಕ್ಕವೇ ಕಟ್ಟಿಟ್ಟಿದ್ದಾರೆ. ಅನ್‌ಲೈಕ್ಲಿ ಅಂದರೆ ಸಾಧ್ಯತೆ 0ಯಿಂದ 33%, ವೆರಿ ಅನ್‌ಲೈಕ್ಲಿ ಅಂದರೆ 10%ವರೆಗೆ, ಎಕ್ಸೆಪ್ಶನಲಿ ಅನ್‌ಲೈಕ್ಲಿ ಅಂದರೆ 1%ವರೆಗೆ. 33% ಅಂದರೆ ಮೂರರಲ್ಲಿ ಒಂದು, ಮೂರು ದಿನ ಛತ್ರಿ ಬಿಟ್ಟು ಹೋದರೆ ಒಂದು ದಿನ ನೆನೆದುಕೊಂಡು ಬರೋದು. ಅದನ್ನು ಅಸಂಭವ ಅಂದರೆ ಓದುವವರು 'ಆಗೋದೇ ಇಲ್ಲ' ಅಂದುಕೊಳ್ಳುತ್ತಾರೆ, ಅಲ್ವಾ? ಆಗೋದೇ ಇಲ್ಲ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಇಂಪಾಸಿಬಲ್ ಅಂತ ಬೇರೆ ಪದವೇ ಇದೆ. ಸರಿ, ಎಲ್ಲಾ ಕಡೆ 'ಸಾಧ್ಯತೆ ಕಡಿಮೆ' ಅಂತ ತಿದ್ದಿದೆ.

ಆಮೇಲೆ ಒಂದು ಕಥೆಯಲ್ಲಿ 'ಹಿ ಈಸ್ ಅನ್‌ಲೈಕ್ಲಿ ಟು ಕಮ್' ಅನ್ನೋ ಮಾತು ಬಂತು. 'ಅವನು ಬರುವ ಸಾಧ್ಯತೆ ಕಡಿಮೆ' ಅಂತ ಬರೆದು ಜೋರಾಗಿ ಓದಿದೆ. ಥೇಟ್ ರೇಡಿಯೋ ವಾರ್ತೆ! ಮನೆಯಲ್ಲಿ ಹೀಗೆ ಯಾರು ಮಾತಾಡುತ್ತಾರೆ? 'ಅವನು ಬರೋದು ಡೌಟು' ಅಂತೀವಿ, 'ಬರೋ ಹಾಗೆ ಕಾಣಲ್ಲ' ಅಂತೀವಿ. ನಮ್ಮಮ್ಮ ಆದರೆ 'ಬಂದಾನಾ ಅವನು!' ಅಂದು ಒಳಗೆ ಹೋಗಿಬಿಡುತ್ತಾರೆ. ಬಂದಾನು, ಬಂದೀತು ಅಂತ ಸಂಭಾವನಾರ್ಥಕ ರೂಪ ಶಾಲೆಯಲ್ಲಿ ಓದಿದ್ದೆವಲ್ಲ, ಅದರ ಕೊನೆಗೆ ಒಂದು ಪ್ರಶ್ನೆಯ ರಾಗ ಎಳೆದರೆ ಸಾಕು, ಅನ್‌ಲೈಕ್ಲಿ ಪೂರ್ತಿ ಬಂದುಬಿಡುತ್ತದೆ. ಕಥೆಗೆ ಅಮ್ಮನ ಮಾತನ್ನೇ ಹಾಕಿದೆ.

ಇಂಗ್ಲಿಷಿನಲ್ಲೇ ಬರೆಯುವವರು ಇನ್ನೊಂದು ಕಡೆ ಎಡವುತ್ತಾರೆ. ಕೊನೆಯಲ್ಲಿ 'ಲಿ' ಇದೆ ಅಂತ ಇದನ್ನು ಸ್ಲೋಲಿ, ಕ್ವಿಕ್ಲಿ ಜೊತೆ ಸೇರಿಸಿ 'ಹಿ ವಿಲ್ ಅನ್‌ಲೈಕ್ಲಿ ಕಮ್' ಅಂತಾರೆ. ಆದರೆ ಇದು ಫ್ರೆಂಡ್ಲಿ ಇದ್ದ ಹಾಗೆ, ವಿಶೇಷಣ. ಮತ್ತೆ 'ಅನ್‌ಲೈಕ್' ಬೇರೆಯೇ ಪದ. 'ಅಣ್ಣನ ಹಾಗಲ್ಲ ಇವನು' ಅನ್ನುವಾಗ ಬೇಕಾಗೋದು ಅದು.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು 'ಅನ್‌ಲೈಕ್ಲಿ ಹೀರೋ'. ಒಮ್ಮೆ ಸುಮ್ನೆ 'ಅಸಂಭವ ನಾಯಕ' ಅಂತ ಬರೆದು ಕಳಿಸಿದ್ದೆ. ಎಡಿಟರ್ ಪಕ್ಕದಲ್ಲಿ 'ಯಾಕೆ, ಅವನು ಹುಟ್ಟೇ ಇಲ್ವಾ?' ಅಂತ ಬರೆದು ವಾಪಸ್ ಕಳಿಸಿದರು. ಈಗ 'ಇವನು ನಾಯಕ ಆಗ್ತಾನೆ ಅಂತ ಯಾರೂ ಎಣಿಸಿರಲಿಲ್ಲ' ಅಂತ ಬರೆಯುತ್ತೇನೆ. ಎರಡು ಪದ ಆರಾಯಿತು. ನಮಗೆ ದುಡ್ಡು ಕೊಡೋದು ಮಾತ್ರ ಇಂಗ್ಲಿಷ್ ಪದ ಎಣಿಸಿ.