ಬೊಹೀಮಿಯಾದ ಕೆಂಪು ಗಾಜು: ಕೊಳ್ಳುವ ಮುನ್ನ ಪರೀಕ್ಷಿಸುವ ಬಗೆ

ಜಿಂಕೆ, ಕಾಡು, ಕೋಟೆ ಕೆತ್ತಿದ ಕೆಂಪು ಗಾಜಿನ ಕಾಲುಳ್ಳ ಲೋಟ ಕಂಡರೆ ಸಾಕು, ಮಾರುವವರು ‘ಬೊಹೀಮಿಯಾದ್ದು, 1850ರ ಕಾಲದ್ದು’ ಎನ್ನುತ್ತಾರೆ. ಇರಬಹುದು. 1970ರ ಸುಮಾರಿನಲ್ಲಿ ಪ್ರವಾಸಿಗರಿಗೆಂದು ಮಾಡಿದ್ದೂ ಇರಬಹುದು. ಬೊಹೀಮಿಯಾ ಈಗ ಝೆಕ್ ಗಣರಾಜ್ಯದ ಒಂದು ಭಾಗ; ಅದರ ಉತ್ತರದಲ್ಲಿರುವ ನೋವಿ ಬೋರ್ ಊರಿನ ಸುತ್ತಮುತ್ತ ಇದೇ ಮಾದರಿ 19ನೇ ಶತಮಾನದಲ್ಲೂ 20ನೇ ಶತಮಾನದಲ್ಲೂ ತಯಾರಾಗಿದೆ. ಹಳೆಯ ತುಂಡುಗಳಲ್ಲಿ ಬಹುಪಾಲಿನ ಮೇಲೆ ತಯಾರಕರ ಗುರುತೇ ಇಲ್ಲ. ಆದ್ದರಿಂದ ಹೆಸರು ಹುಡುಕುವ ಕೆಲಸ ಕೊನೆಗಿರಲಿ. ಮೊದಲು ನೋಡಬೇಕಾದ್ದು, ಕೆಂಪು ಬಣ್ಣ ಗಾಜಿನ ಯಾವ ಭಾಗದಲ್ಲಿ ಕೂತಿದೆ ಎಂಬುದನ್ನು.

ಅಕ್ಕಸಾಲಿಗರ ಬಳಿ ಇರುವಂಥ, 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಸಣ್ಣ ಭೂತಗನ್ನಡಿ), ಬಿಳಿ ಬೆಳಕಿನ ಸಣ್ಣ ಟಾರ್ಚ್, 365 ನ್ಯಾನೋಮೀಟರಿನ ಯುವಿ (ನೇರಳಾತೀತ) ಟಾರ್ಚ್, ಒಂದು ಬಿಳಿ ಹಾಳೆ ಜೊತೆಗಿರಲಿ. ಅಗ್ಗಕ್ಕೆ ಸಿಗುವ 395 ನ್ಯಾನೋಮೀಟರಿನ ಟಾರ್ಚ್ ಬೇಡ. ಅದರ ನೇರಳೆ ಬೆಳಕೇ ಕಣ್ಣಿಗೆ ರಾಚಿ, ಗಾಜಿನ ಮಂದ ಹೊಳಪನ್ನು ಮುಚ್ಚಿಬಿಡುತ್ತದೆ.

ಕೆಂಪು ಎಲ್ಲಿದೆ?

ಲೋಟವನ್ನು ಬಿಳಿ ಹಾಳೆಯ ಮುಂದೆ ಹಿಡಿದು ಅಂಚು, ಪಾದ, ಕೆತ್ತನೆಯ ಗಡಿ ಈ ಮೂರನ್ನೂ ಲೂಪಿನಲ್ಲಿ ನೋಡಿ.

ಇಡೀ ಗಾಜೇ ಕೆಂಪಾಗಿದ್ದರೆ ಬಣ್ಣ ದಪ್ಪವನ್ನು ಅವಲಂಬಿಸಿರುತ್ತದೆ: ತೆಳುವಾದಲ್ಲಿ ಗುಲಾಬಿ, ದಪ್ಪಗಿರುವಲ್ಲಿ ಕಡುಗೆಂಪು. ಚಿನ್ನ ಬೆರೆಸಿ ಕರಗಿಸಿದ ಕೆಂಪಿನಲ್ಲಿ ತುಸು ನೇರಳೆ ಛಾಯೆ ಇರುತ್ತದೆ.

ಬಣ್ಣರಹಿತ ಗಾಜಿನ ಮೇಲೆ ಕೆಂಪು ಗಾಜನ್ನೇ ಪದರವಾಗಿ ಹೊದಿಸಿದ್ದರೆ, ಕೆತ್ತಿದ ಗಡಿಯಲ್ಲಿ ಮೆಟ್ಟಿಲಿನಂಥ ಇಳಿತ ಬೆರಳಿಗೇ ತಿಳಿಯುತ್ತದೆ. ಸಾಣೆ ಓರೆಯಾಗಿ ಕೊರೆದ ಕಡೆ ಕೆಂಪು ಒಮ್ಮೆಗೇ ನಿಲ್ಲದೆ ತಿಳಿಯಾಗುತ್ತ ಹೋಗುತ್ತದೆ. ನಡುವೆ ಬಿಳಿ ಪದರವೂ ಇದ್ದರೆ ಕೊರೆದ ಅಂಚಿಗೆ ಹಾಲಿನ ಗೆರೆಯಂತೆ ಕಾಣುತ್ತದೆ. ಇವು ಬೆಲೆಬಾಳುವ ತುಂಡುಗಳು.

ಹೆಚ್ಚಾಗಿ ಕೈಗೆ ಸಿಗುವುದು ಮೂರನೆಯ ಬಗೆ. ನೋವಿ ಬೋರಿನ ಗಾಜಿನ ಕುಶಲಕರ್ಮಿ ಫ್ರೀಡ್ರಿಕ್ ಎಗರ್‌ಮನ್ (1777–1864) 1832ರ ಸುಮಾರಿಗೆ ರೂಢಿಗೆ ತಂದ ಕೆಂಪು ಇದು. ತಾಮ್ರದ ಸಂಯುಕ್ತವನ್ನು ಗಾಜಿನ ಮೇಲೆ ಬಳಿದು, ಆಕಾರ ಕೆಡದಷ್ಟು ಶಾಖದಲ್ಲಿ ಮತ್ತೆ ಸುಡುತ್ತಾರೆ. ಬಣ್ಣ ಗಾಜಿನ ಮೈಯೊಳಕ್ಕೇ ಇಳಿದರೂ ಆ ಪದರ ಬಹಳ ತೆಳು. ಅದಕ್ಕೇ ಕೆತ್ತನೆ ಹೆಚ್ಚು ಆಳ ಹೋಗಬೇಕಿಲ್ಲ, ಮೇಲ್ಮೈ ಕೆರೆದರೆ ಸಾಕು ಬಣ್ಣವಿಲ್ಲದ ಗಾಜು ಹೊರಬರುತ್ತದೆ. ಲೂಪಿನಲ್ಲಿ ನೋಡಿದರೆ ಬಳಿದಾಗ ಆದ ಏರುಪೇರು, ಮೂಲೆಗಳಲ್ಲಿ ಮಡುಗಟ್ಟಿದ ಬಣ್ಣ, ಬಳಕೆಯ ಗೀರುಗಳಲ್ಲಿ ಬಿಳಿಗೆರೆ ಕಾಣುತ್ತವೆ.

ಇವೆಲ್ಲಕ್ಕೂ ಕೆಳಗಿನದು ಬರೀ ಮೆರುಗೆಣ್ಣೆ ಬಳಿದ ಗಾಜು. ಚಕ್ಕೆ ಎದ್ದ ಅಂಚಿನಲ್ಲಿ ಬಣ್ಣ ಸಿಪ್ಪೆಯಂತೆ ಸುಲಿದಿದ್ದರೆ ಅಲ್ಲಿಗೆ ಮಾತು ಮುಗಿಯಿತು.

ಕೆತ್ತನೆ ಮತ್ತು ಸವೆತ

ತಿರುಗುವ ತಾಮ್ರದ ಚಕ್ರಗಳಿಗೆ ಒತ್ತಿ ಕೆತ್ತಿದ್ದರೆ ಜಿಂಕೆಯ ಮೈ ಒಂದರ ಮೇಲೊಂದು ಬಿದ್ದ ಪುಟ್ಟ ಗುಳಿಗಳಿಂದ ಆಗಿರುತ್ತದೆ. ಹೊಟ್ಟೆಯ ಬಳಿ ಆಳ, ಕಾಲಿನ ಬಳಿ ಮೇಲುಮೇಲೆ. ಮರಳು ಎರಚಿ ಮಾಡಿದ್ದರಲ್ಲಿ ಎಲ್ಲ ಕಡೆ ಒಂದೇ ಆಳ, ಒಂದೇ ತರಿ. ಪಟ್ಟಿಕೆಗಳ (ಗಾಜಿನ ಮೈಯ ಚಪ್ಪಟೆ ಮುಖಗಳ) ಏಣುಗಳನ್ನೂ ಸವರಿ ನೋಡಿ. ಸಾಣೆ ಹಿಡಿದ ಏಣು ಚೂಪು, ಅಚ್ಚಿನಲ್ಲಿ ಒತ್ತಿದ ಏಣು ಮೊಂಡು, ಜೊತೆಗೆ ಅಚ್ಚಿನ ಕೂಡುಗೆರೆಯೂ ಇರಬಹುದು. ಅಮೆರಿಕದಲ್ಲಿ 1890ರ ದಶಕದಲ್ಲಿ ಅಚ್ಚುಗಾಜಿಗೆ ಕೆಂಪು ಬಳಿದು, ಊರಿನ ಹೆಸರು, ಇಸವಿ ಕೊರೆದು ನೆನಪಿನ ಕಾಣಿಕೆಯಾಗಿ ಮಾರುತ್ತಿದ್ದರು. ಹಳೆಯದು ನಿಜ, ಬೊಹೀಮಿಯಾದ್ದಲ್ಲ.

ಮೋಸ ಹೆಚ್ಚು ನಡೆಯುವುದು ತಳದಲ್ಲಿ. ಲೋಟವನ್ನು ಕನ್ನಡಿಯ ಮೇಲಿಟ್ಟು ಪಾದ ಎಲ್ಲೆಲ್ಲಿ ತಾಗುತ್ತದೆಂದು ಗುರುತಿಸಿಕೊಳ್ಳಿ. ನೂರು ವರ್ಷದ ಸವೆತ ಅಲ್ಲಿ ಮಾತ್ರ ಇರಬೇಕು, ಅದೂ ಅಡ್ಡಾದಿಡ್ಡಿ ಗೀರುಗಳಾಗಿ, ಕೆಲವು ಆಳ, ಕೆಲವು ಕೂದಲೆಳೆ. ಉಪ್ಪುಕಾಗದ ಉಜ್ಜಿದ್ದರೆ ಗೀರುಗಳು ಒಂದೇ ದಿಕ್ಕಿಗೆ, ಒಂದೇ ಆಳಕ್ಕೆ ಇರುತ್ತವೆ. ನೆಲಕ್ಕೆ ತಾಗದ ಕುಳಿಯಲ್ಲೂ ಕಾಣುತ್ತವೆ. ಚಿನ್ನದ ಗೆರೆಯೂ ತುಟಿ, ಬೆರಳು ತಾಗುವಲ್ಲಿ ಸವೆದಿರಬೇಕು.

ಬಾಯಂಚಿನಲ್ಲಿ ಚಕ್ಕೆ ಎದ್ದಿದ್ದನ್ನು ತೇಯ್ದು ಸಮಮಾಡಿರುತ್ತಾರೆ. ಅಂಚು ಚಪ್ಪಟೆಯಾಗಿದ್ದು, ಇರಬೇಕಾದ ಚಿನ್ನದ ಪಟ್ಟಿ ಇಲ್ಲದಿದ್ದರೆ, ಅಥವಾ ಮೇಲಿನ ಅಲಂಕಾರ ಅಂಚಿಗೆ ತೀರಾ ಹತ್ತಿರ ಬಂದಿದ್ದರೆ ಅನುಮಾನಿಸಿ. ಕತ್ತಲಲ್ಲಿ ಯುವಿ ಬಿಟ್ಟರೆ ಅಂಟು ಹಾಕಿದ ಕೂಡು ಹಲವು ಸಲ ನೀಲಿ-ಬಿಳಿ ಗೆರೆಯಾಗಿ ಹೊಳೆಯುತ್ತದೆ. ಇಡೀ ಗಾಜು ಪ್ರಖರ ಹಸಿರಾಗಿ ಬೆಳಗಿದರೆ ಅದರಲ್ಲಿ ಯುರೇನಿಯಂ ಇದೆ. ಅದೂ ಬೊಹೀಮಿಯಾದಲ್ಲಿ 1830ರ ದಶಕದಿಂದ ರೂಢಿಯಲ್ಲಿತ್ತು. ಮಂದ ಹಸಿರು ಮ್ಯಾಂಗನೀಸಿನದೂ ಆಗಬಹುದು, ಅದಕ್ಕೆ ಹೆಚ್ಚು ಹಣ ಕೊಡಬೇಡಿ.

ನೀರಿನಲ್ಲಿ ತೂಗುವುದು

ಸಾಂದ್ರತೆಯನ್ನು ಅಡುಗೆಮನೆಯ ತಕ್ಕಡಿಯಲ್ಲೇ ಅಳೆಯಬಹುದು. ಮೊದಲು ಲೋಟದ ತೂಕ ಬರೆದುಕೊಳ್ಳಿ. ನೀರು ತುಂಬಿದ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಲೋಟದ ಕಡ್ಡಿಗೆ ಗಟ್ಟಿ ದಾರ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ. ಈಗ ತಕ್ಕಡಿ ತೋರಿಸುವ ಗ್ರಾಂನಿಂದ ಮೊದಲ ತೂಕವನ್ನು ಭಾಗಿಸಿ. 480 ಗ್ರಾಂ ಲೋಟಕ್ಕೆ 192 ಬಂದರೆ 2.5. ಹಳೆಯ ಬೊಹೀಮಿಯನ್ ಪೊಟ್ಯಾಶ್ (ಮರದ ಬೂದಿಯ ಕ್ಷಾರ) ಗಾಜು ಇದರ ಆಸುಪಾಸಿನಲ್ಲಿರುತ್ತದೆ. ಶೇ. 24 ಸೀಸದ ಆಕ್ಸೈಡ್ ಇರುವ ಕ್ರಿಸ್ಟಲ್ ಗಾಜು 2.9ರ ಹತ್ತಿರ. ‘1850ರ’ ಲೋಟ 2.9 ತೋರಿಸಿದರೆ ಇನ್ನೊಮ್ಮೆ ಯೋಚಿಸಿ. ಒಳಗೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಲೆಕ್ಕ ತಪ್ಪುತ್ತದೆ. ಬಿರುಕು, ಲೋಹದ ಪಟ್ಟಿ ಅಥವಾ ಸುಡದ ಬಣ್ಣ ಇರುವುದನ್ನು ನೀರಿಗೆ ಇಳಿಸಬೇಡಿ.

‘ಝೆಕೊಸ್ಲೊವಾಕಿಯಾ’ ಮುದ್ರೆ ಇದ್ದರೆ ಕಾಲ ತಾನೇ ತಿಳಿಯಿತು: ಆ ದೇಶ ಹುಟ್ಟಿದ್ದು 1918ರಲ್ಲಿ, ಇಲ್ಲವಾದದ್ದು 1992ರ ಕೊನೆಗೆ.

ಮನೆಗೆ ತಂದ ಮೇಲೆ

ಪ್ಲಾಸ್ಟಿಕ್ ಟಬ್ಬಿನಲ್ಲಿ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರು, ನಾಲ್ಕು ಹನಿ ಮೆದು ಸೋಪು. ಹುಣಸೆಹಣ್ಣು, ಬೂದಿ, ಪಾತ್ರೆ ತಿಕ್ಕುವ ಪುಡಿ ಯಾವುದೂ ಹತ್ತಿರ ಸುಳಿಯಬಾರದು. ಚಿನ್ನದ ಗೆರೆ ಒಂದೇ ಉಜ್ಜಿಗೆ ಹೋಗುತ್ತದೆ. ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಕೊನೆಯ ಜಾಲಾಟ ಆರ್‌ಒ ಫಿಲ್ಟರ್ ನೀರಿನಲ್ಲಾಗಲಿ, ಇಲ್ಲವಾದರೆ ಸುಣ್ಣದ ಕಲೆ ಕೂರುತ್ತದೆ.

ಹೂಜಿಯ ಒಳಗಿನ ಮಬ್ಬು ನೀರು ಹಾಕಿದಾಗ ಮಾಯವಾಗಿ, ಒಣಗಿದಾಗ ಮರಳಿದರೆ, ತೆಳು ವಿನೆಗರ್‌ನಲ್ಲಿ ಒಂದು ದಿನ ನೆನೆಸಿ ನೋಡಿ. ಹೋಗದಿದ್ದರೆ ಗಾಜೇ ಸವೆದಿದೆ. ಇದನ್ನು ಮುಚ್ಚಲು ಒಳಗೆ ಎಣ್ಣೆ ಸವರಿ ಮಾರುವುದುಂಟು. ಕೊಳ್ಳುವಾಗಲೇ ಬೆರಳು ಹಾಕಿ ನೋಡಿ, ಮೂಸಿ ನೋಡಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಳ ಹಾಕಿಡಬೇಡಿ, ಒಳಗಿನ ತೇವ ಹೊರಹೋಗಲಿ.

ಭಾರತದಲ್ಲಿರುವ, ನೂರು ವರ್ಷ ದಾಟಿದ ಕಲಾವಸ್ತುವನ್ನು 1972ರ ಪುರಾವಸ್ತು ಕಾಯಿದೆಯಡಿ ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಜ್ಜಿಯ ಕಾಲದ ಲೋಟವನ್ನು ಅಮೆರಿಕದ ಮಗಳ ಸೂಟ್‌ಕೇಸಿಗೆ ಹಾಕುವ ಮುನ್ನ ಅದು ನೂರರೊಳಗಿನದೆಂದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪ್ರಮಾಣಪತ್ರ ಮಾಡಿಸಿಕೊಳ್ಳಿ.